ಅಮ್ಮನನ್ನು ಎತ್ತಲು ಕಲಿತ ಮಳೆಗಾಲ

ಕಳೆದ ತಿಂಗಳು ಮೊಣಕಾಲು ನೋವಿಗೆಂದು ಬಿಕರ್ನಕಟ್ಟೆಯ ಕ್ಲಿನಿಕ್ಕೊಂದಕ್ಕೆ ಹೋಗಿದ್ದೆ. ಒಳಗೆ ಕಾಲಿಟ್ಟ ಕೂಡಲೇ ತೈಲದ ವಾಸನೆ ಬಂತು. ಪರದೆಯ ಆಚೆ ಯಾರದೋ ಬೆನ್ನಿಗೆ ತಿಕ್ಕುತ್ತಿದ್ದರು. ಬಿಸಿ ಮಾಡಿದ ಎಳ್ಳೆಣ್ಣೆ, ಅದರಲ್ಲಿ ಕುದಿದ ಬೇರುಗಳ ಕಹಿ, ಸ್ವಲ್ಪ ಕರ್ಪೂರ. ನಮ್ಮ ಮನೆಗೆ ಆ ತೈಲ ಬಾರದೆ ಐವತ್ತು ವರ್ಷ ದಾಟಿರಬೇಕು. ನನ್ನ ಪಕ್ಕದಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಭುಜದ ನೋವಿಗೆ ವ್ಯಾಯಾಮ ಹೇಳಿಸಿಕೊಳ್ಳುತ್ತಿದ್ದಳು. ಎರಡು ಕಿಲೋದ ಡಂಬೆಲ್ ಕೈಗೆ ಕೊಟ್ಟಾಗ, "ಸರ್, ಕೈ ಗಂಡಸರ ಹಾಗೆ ದಪ್ಪ ಆಗುವುದಿಲ್ಲ ಅಲ್ಲ?" ಎಂದು ಕೇಳಿದಳು. ವ್ಯಾಯಾಮ ಹೇಳಿಕೊಡುತ್ತಿದ್ದಾತ ನಕ್ಕ. ನನಗೆ ನಗು ಬರಲಿಲ್ಲ. ಆಮೇಲೆ ನನ್ನ ಹೆಸರನ್ನು ಎರಡು ಸಲ ಕರೆದರಂತೆ, ಕೇಳಿಸಲಿಲ್ಲ.

ಆ ತೈಲ ನಮ್ಮ ಮನೆಯಲ್ಲಿದ್ದ ಕಾಲದಲ್ಲಿ ನನಗೂ ಇಪ್ಪತ್ತು. ಅರುವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವು ಉರ್ವದಲ್ಲಿ, ಮಾರ್ಕೆಟಿನಿಂದ ಸ್ವಲ್ಪ ಕೆಳಗೆ, ಎರಡು ಕೋಣೆಯ ಹಂಚಿನ ಬಾಡಿಗೆ ಮನೆಯಲ್ಲಿದ್ದೆವು. ನಾವು ಎಂದರೆ ನಾನು ಮತ್ತು ಅಮ್ಮ. ಅಪ್ಪ ಬೊಂಬಾಯಿಯಲ್ಲಿ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದರು. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು. ನಾನು ಹುಡುಗಿಯರ ಶಾಲೆಯೊಂದರಲ್ಲಿ ಎರಡನೆಯ ಕ್ಲಾಸಿನ ಟೀಚರ್. ಅಮ್ಮ ದೊಡ್ಡ ಆಳು. ತವರಿನಲ್ಲಿ ಗದ್ದೆ ಕೆಲಸ ಮಾಡಿ ಬೆಳೆದವಳು, ಉರ್ವಕ್ಕೆ ಬಂದ ಮೇಲೂ ಬಾವಿಯಿಂದ ಎರಡೆರಡು ಕೊಡ ನೀರು ಒಟ್ಟಿಗೇ ತರುತ್ತಿದ್ದಳು. ಮೇ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದವಳು ಪೊರಕೆಯ ಮೇಲೆಯೇ ಬಿದ್ದಳು. ಸರಕಾರಿ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇಟ್ಟುಕೊಂಡು ಮನೆಗೆ ಕಳುಹಿಸಿದರು. ಮಾತು ಸರಿಯಾಗಿಯೇ ಇತ್ತು, ಬಲಗೈ ಆಡುತ್ತಿತ್ತು. ಎಡಗೈ, ಎಡಗಾಲು ಎರಡೂ ಹೋಗಿದ್ದವು.

ಅಪ್ಪನಿಗೆ ಟೆಲಿಗ್ರಾಂ ಕೊಟ್ಟೆ. ರಜೆ ಸಿಗುವುದಿಲ್ಲ, ಹಣ ಕಳಿಸುತ್ತೇನೆ ಎಂದು ಕಾಗದ ಬಂತು. ನಾನು ಅದನ್ನು ಓದಿ ಮಡಚಿ ಡಬ್ಬಿಯಲ್ಲಿ ಹಾಕಿದೆ. ಸಿಟ್ಟು ಬಂದ ನೆನಪಿಲ್ಲ. ಆ ಇಡೀ ಮಳೆಗಾಲದಲ್ಲಿ ನಾನು ಅತ್ತ ನೆನಪೂ ಇಲ್ಲ. ಬೆಳಿಗ್ಗೆ ಏಳುವುದು, ಗಂಜಿ ಬೇಯಿಸುವುದು, ಶಾಲೆಗೆ ಹೋಗುವುದು, ಬರುವುದು. ಯಾರಾದರೂ "ಹೇಗುಂಟು ಅಮ್ಮನಿಗೆ?" ಎಂದು ಕೇಳಿದರೆ "ಹಾಗೇ ಉಂಟು" ಎನ್ನುವುದು.

ಮಲಗಿಸಿಯೇ ಇಟ್ಟರೆ ಬೆನ್ನು ಕೊಳೆಯುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ, ದಿನಕ್ಕೆ ಎರಡು ಸಲವಾದರೂ ಕುರ್ಚಿಯಲ್ಲಿ ಕೂರಿಸಬೇಕು ಎಂದು ಡಾಕ್ಟರು ಹೇಳಿದ್ದರು. ಮೊದಲ ಎರಡು ವಾರ ಅಮ್ಮನನ್ನು ಎತ್ತಿದ್ದು ಪಕ್ಕದ ಮನೆಯ ಟೈಲರ್ ಸಂಜೀವಣ್ಣ ಮತ್ತು ಅವರ ತಮ್ಮ. ಒಳ್ಳೆಯ ಮನುಷ್ಯರು. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಬಂದು, ಒಬ್ಬರು ಭುಜದ ಕಡೆ, ಒಬ್ಬರು ಕಾಲಿನ ಕಡೆ ಹಿಡಿದು ಕುರ್ಚಿಗೆ ಇಳಿಸುತ್ತಿದ್ದರು. ಸಂಜೆ ಮತ್ತೆ ಹಾಗೆಯೇ. ಅವರು ಕೈ ಹಾಕುವಾಗ ಅಮ್ಮ ಕಣ್ಣು ಮುಚ್ಚಿಕೊಂಡು ಬಲಗೈಯಲ್ಲಿ ಸೀರೆಯನ್ನು ಮೊಣಕಾಲಿನ ಹತ್ತಿರ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಅವರು ಹೋದ ಮೇಲೂ ತುಂಬ ಹೊತ್ತು ಕಣ್ಣು ತೆರೆಯುತ್ತಿರಲಿಲ್ಲ. ಒಂದು ದಿನ ಎತ್ತುವಾಗ ಅವಳಿಗೆ ಮೂತ್ರ ಹೋಯಿತು. ಸಂಜೀವಣ್ಣನ ತಮ್ಮನ ಕೈ ಒದ್ದೆಯಾಯಿತು. ಆತ ಏನೂ ಆಗದವನಂತೆ ಹೊರಗೆ ಹೋಗಿ ಮಳೆ ನೀರಲ್ಲಿ ಕೈ ತೊಳೆದುಕೊಂಡ.

ಅವತ್ತು ಅಮ್ಮ ನನ್ನನ್ನು ಕರೆದು, "ಇನ್ನು ಗಂಡಸರು ಬೇಡ ಮಗಾ. ನಾನು ಮಲಗಿಯೇ ಇರ್ತೇನೆ. ಕೊಳೆತರೆ ಕೊಳೆಯಲಿ" ಅಂದಳು.

ಎತ್ತಲು ನಾನು ಒಬ್ಬಳೇ ಪ್ರಯತ್ನಿಸಿದೆ. ಕಂಕುಳಿಗೆ ಕೈ ಹಾಕಿ ಎಳೆದೆ. ಅಮ್ಮ ಅರ್ಧ ಎದ್ದು ಜಾರಿದಳು, ನಾನು ಅವಳ ಮೇಲೆಯೇ ಬಿದ್ದೆ. ನನ್ನ ಸೊಂಟ ಹಿಡಿದುಕೊಂಡಿತು. ಮರುದಿನ ಶಾಲೆಯಲ್ಲಿ ನಾನು ಬಗ್ಗಿ ನಡೆಯುವುದನ್ನು ನೋಡಿ ಸೆವ್ರಿನ್ ಬಾಯಿ ಕೇಳಿದರು, "ಎಂತ ಆಯ್ತು ಸುಮತಿ ಟೀಚರ್?"

ಸೆವ್ರಿನ್ ಬಾಯಿ ನಮ್ಮ ಡ್ರಿಲ್ ಟೀಚರ್. ಕೊಂಕಣಿಯಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ ಎಲ್ಲರೂ ಅವರನ್ನು 'ಬಾಯಿ' ಎನ್ನುತ್ತಿದ್ದೆವು. ನಲ್ವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಎತ್ತರ, ಅಗಲ ಭುಜ. ಮಕ್ಕಳು ಅವರನ್ನು ಹಿಂದಿನಿಂದ "ಸಾರ್ಜೆಂಟ್" ಎನ್ನುತ್ತಿದ್ದರು. ನಾವು ಟೀಚರುಗಳೂ ಸ್ಟಾಫ್ ರೂಮಿನಲ್ಲಿ, ಅವರಿಲ್ಲದಾಗ, ಡ್ರಿಲ್ ಮಾಡಿ ಮಾಡಿ ಬಾಯಿಯ ಮೈ ಗಂಡಸರ ಮೈಯಾಗಿದೆ ಎಂದು ಮಾತಾಡಿಕೊಂಡದ್ದುಂಟು. ನಾನೂ ಆಡಿದ್ದೆ.

ನಾನು ನಡೆದದ್ದನ್ನು ಹೇಳಿದೆ. ಅವರು ಕೇಳಿಸಿಕೊಂಡು, "ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ನಿಲ್ಲು" ಅಂದರು.

ಹಿಂದಿನ ಜಗಲಿಯಲ್ಲಿ, ಮಳೆ ಸುರಿಯುತ್ತಿರುವಾಗ, ಅವರು ನನಗೆ ಎತ್ತಲು ಕಲಿಸಿದರು. ಡ್ರಿಲ್ಲಿನ ಮರದ ಡಂಬೆಲ್‌ಗಳಿಂದ ಶುರು. ಅದು ಏನೂ ಅಲ್ಲ ಎಂದು ಎರಡೇ ದಿನದಲ್ಲಿ ಬದಿಗಿಟ್ಟರು. ಗೋಣಿಚೀಲದಲ್ಲಿ ಮರಳು ತುಂಬಿಸಿದರು. "ಸೊಂಟದಿಂದ ಎತ್ತಬೇಡ. ಕಾಲಿನಿಂದ ಎತ್ತು. ಕೂತ್ಕೋ, ಬೆನ್ನು ನೆಟ್ಟಗೆ ಮಾಡು, ಎದೆಗೆ ತಾಗಿಸಿಕೋ, ಈಗ ಏಳು." ವಾರಕ್ಕೆ ಎರಡು ಚೆಂಬು ಮರಳು ಹೆಚ್ಚು. ಅಷ್ಟೇ ಹೆಚ್ಚು, ಅದಕ್ಕಿಂತ ಒಂದು ಹಿಡಿ ಜಾಸ್ತಿ ಹಾಕಿದರೂ ಬೈಯುತ್ತಿದ್ದರು. ಒಂದು ಭಾನುವಾರ ಮನೆಗೇ ಬಂದು ಅಮ್ಮನನ್ನು ಎತ್ತುವ ಕ್ರಮ ತೋರಿಸಿದರು. ಅಮ್ಮನನ್ನು ಮಂಚದ ಅಂಚಿಗೆ ಕೂರಿಸಬೇಕು. ಅವಳ ಮೊಣಕಾಲಿಗೆ ನನ್ನ ಮೊಣಕಾಲು ಒತ್ತಿ ಕೊಡಬೇಕು. ಎದೆಗೆ ಎದೆ ತಾಗಬೇಕು. ಅವಳ ಬಲಗೈ ನನ್ನ ಕುತ್ತಿಗೆಗೆ. ಹಾಗೆ ಎದ್ದು, ಒಂದು ಸುತ್ತು ತಿರುಗಿ, ಕುರ್ಚಿಗೆ ಇಳಿಸಬೇಕು. ಮೊದಲ ದಿನ ಸೆವ್ರಿನ್ ಬಾಯಿ ಹಿಂದಿನಿಂದ ಅಮ್ಮನ ಸೊಂಟದ ಸೀರೆ ಹಿಡಿದು ಸಹಾಯ ಮಾಡಿದರು. ಚಿಕ್ಕವಳಿದ್ದಾಗಿನಿಂದ ಅಮ್ಮನನ್ನು ನಾನು ಅಷ್ಟು ಹತ್ತಿರದಿಂದ ಹಿಡಿದಿರಲಿಲ್ಲ. ಕಲ್ಲಿನಷ್ಟು ಭಾರವಿದ್ದಳು. ಅವಳ ಕೈಕಾಲಿಗೆ ದಿನಾ ತಿಕ್ಕುತ್ತಿದ್ದ ತೈಲದ ವಾಸನೆ ನನ್ನ ರವಿಕೆಗೂ ಹತ್ತಿತು.

ಹತ್ತು ಹನ್ನೆರಡು ದಿನ ಕಷ್ಟವಾಯಿತು. ಮೂರು ಸಲ ಪ್ರಯತ್ನಿಸಿ ನಾಲ್ಕನೆಯ ಸಲಕ್ಕೆ ಏಳುತ್ತಿದ್ದೆ. ಆಮೇಲೆ ಆಗತೊಡಗಿತು. ಗಂಡಸರನ್ನು ಕರೆಯುವುದು ನಿಂತಿತು.

ಅಮ್ಮನಿಗೆ ಆ ಬಗ್ಗೆ ಸಮಾಧಾನವಾಯಿತು, ಆದರೆ ಬೇರೊಂದು ಭಯ ಹಿಡಿಯಿತು. ಕುರ್ಚಿಗೆ ಇಳಿಸಿದ ಮೇಲೆ ಅವಳು ನನ್ನ ಕುತ್ತಿಗೆಯಿಂದ ಕೈ ತೆಗೆದು ನನ್ನ ರಟ್ಟೆಯನ್ನು ಹಿಡಿದು ನೋಡುತ್ತಿದ್ದಳು. ಹೆಬ್ಬೆರಳು, ನಡುಬೆರಳು ಒಂದಕ್ಕೊಂದು ಎಷ್ಟು ದೂರದಲ್ಲಿ ನಿಲ್ಲುತ್ತವೆ ಎಂದು.

"ದಪ್ಪ ಆಗ್ತಾ ಉಂಟು."

"ಇಲ್ಲ ಅಮ್ಮ."

"ನನಗೆ ಗೊತ್ತಾಗುವುದಿಲ್ಲವಾ? ಬಂದರಿನಲ್ಲಿ ಮೂಟೆ ಹೊರುವವರ ಕೈಯ ಹಾಗೆ ಆಗ್ತಾ ಉಂಟು. ಆ ಡ್ರಿಲ್ ಬಾಯಿಯ ಭುಜ ನೋಡು. ಅವಳನ್ನು ಯಾರಾದರೂ ಕಟ್ಟಿಕೊಂಡರಾ?"

ನಾನು ಒಮ್ಮೆ ಸಂಜೀವಣ್ಣನ ಟೇಪು ತಂದು ಅವಳೆದುರೇ ಅಳೆದು ತೋರಿಸಿದೆ. ಹಳೆಯ ರವಿಕೆಯ ಅಳತೆಗಿಂತ ಅರ್ಧ ಇಂಚೂ ಹೆಚ್ಚಿರಲಿಲ್ಲ. ಅಮ್ಮ ನಂಬಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ನಂಬಿಕೆ ಇರಲಿಲ್ಲ. ಸ್ನಾನ ಮಾಡುವಾಗ ನನ್ನ ತೋಳನ್ನು ನಾನೇ ಒತ್ತಿ ನೋಡುತ್ತಿದ್ದೆ. ಒಂದು ಸಂಜೆ ಸೆವ್ರಿನ್ ಬಾಯಿಯನ್ನು ಹೇಗೋ ಸುತ್ತು ಬಳಸಿ ಕೇಳಿದೆ. ಅವರಿಗೆ ತಕ್ಷಣ ಅರ್ಥವಾಯಿತು.

"ನನ್ನ ಹಾಗೆ ಆಗ್ತೀಯಾ ಅಂತ ಕೇಳುವುದು ಅಲ್ಲವಾ ನೀನು?" ಅಂದರು. ಬೇಸರದ ದನಿಯಲ್ಲಲ್ಲ. "ಇದು ನನ್ನ ತಂದೆಯ ಭುಜ. ಹದಿನಾರನೆಯ ವಯಸ್ಸಿಗೇ ಹೀಗೇ ಇತ್ತು, ಆಗ ನಾನು ಡ್ರಿಲ್ ಅಂದರೆ ಎಂತ ಅಂತ ನೋಡಿರಲಿಲ್ಲ. ಇಪ್ಪತ್ತು ವರ್ಷ ಮಕ್ಕಳಿಗೆ ಕಲಿಸಿದೆ, ಒಂದು ಇಂಚು ಬೆಳೆಯಲಿಲ್ಲ. ಹೆಂಗಸರಿಗೆ ಬಲ ಬರ್ತದೆ, ಗಾತ್ರ ಅಷ್ಟು ಸುಲಭದಲ್ಲಿ ಬರುವುದಿಲ್ಲ. ಹೇಳಿದರೆ ಯಾರು ಕೇಳ್ತಾರೆ?"

ಸ್ಟಾಫ್ ರೂಮಿನಲ್ಲಿ ನಾವು ಆಡುವ ಮಾತು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು. ನಾನು ಗೋಣಿಯನ್ನು ಎತ್ತಿದೆ.

ಅಮ್ಮನ ಭಯಕ್ಕೆ ಕಾರಣವಿತ್ತು. ಅವಳ ತಮ್ಮ, ನನ್ನ ಸೋದರಮಾವ ಬಾಬು, ಬಜಪೆಯ ಕಡೆಯ ಒಂದು ಸಂಬಂಧ ಹುಡುಕಿದ್ದರು. ಹುಡುಗ ಗುಮಾಸ್ತ. ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ನಮ್ಮಲ್ಲಿ ಶುಭಕಾರ್ಯವಿಲ್ಲ. ಆಟಿ ಕಳೆದು ಸೋಣ ತಿಂಗಳು ಬಂದ ಮೇಲೆ ಹುಡುಗಿ ನೋಡಲು ಬರುತ್ತಾರೆಂದು ಆಗಿತ್ತು. ಅಮ್ಮ ದಿನ ಎಣಿಸುತ್ತಿದ್ದಳು. ಮೊಣಕೈ ಮುಚ್ಚುವ ತೋಳಿನ ಒಂದು ರವಿಕೆ ಹೊಲಿಯಲು ನನಗೆ ಹೇಳದೆ ಸಂಜೀವಣ್ಣನಿಗೆ ಬಟ್ಟೆ ಕಳುಹಿಸಿದ್ದಳು.

ಆಟಿಯಲ್ಲಿ ಮಳೆ ಹಗಲು ರಾತ್ರಿ ಹೊಡೆಯಿತು. ಬಟ್ಟೆ ಒಣಗುತ್ತಿರಲಿಲ್ಲ. ಆ ತಿಂಗಳ ನಡುವಿನಲ್ಲಿ ನನಗೆ ಅಮ್ಮನನ್ನು ಎತ್ತುವುದು ಸಲೀಸಾಯಿತು. ಮೊದಲು ಎರಡನೆಯ ಸಲಕ್ಕೆ, ಆಮೇಲೆ ಮೊದಲ ಸಲಕ್ಕೇ ಏಳುತ್ತಿದ್ದೆ. ಕೊನೆಗೆ ಒಂದೇ ಉಸಿರು. ಆ ತಿಂಗಳುಗಳಲ್ಲಿ ನನಗೆ ಖುಷಿ ಎಂದೇನಾದರೂ ಆಗಿದ್ದರೆ ಅದೊಂದೇ. ಶಾಲೆಗೆ ಹೋಗಿ ಸೆವ್ರಿನ್ ಬಾಯಿಗೆ ಹೇಳಿದೆ. "ಈಗ ಕೊಡ ಎತ್ತಿದ ಹಾಗೆ ಆಗ್ತದೆ ಬಾಯಿ."

ಅವರು ನಗಲಿಲ್ಲ. ಗೋಣಿಯ ಕಡೆ ನೋಡಿದರು. "ನಿನ್ನ ಗೋಣಿಗೆ ನಾವು ಈವರೆಗೆ ಹಾಕಿದ್ದು ಎಷ್ಟು? ಹನ್ನೆರಡು ಚೆಂಬು. ಇದನ್ನು ಎತ್ತಲು ನಿನಗೆ ಈಗಲೂ ಮುಖ ಕೆಂಪಾಗ್ತದೆ. ನಿನ್ನ ಅಮ್ಮ ಇದರ ಎರಡರಷ್ಟು ಇದ್ದವಳು. ಅದು ಹೇಗೆ ಕೊಡ ಎತ್ತಿದ ಹಾಗೆ ಆಗ್ತದೆ?"

ಅವತ್ತೇ ಸಂಜೆ ಕೊಡೆ ಹಿಡಿದುಕೊಂಡು ನನ್ನ ಜೊತೆ ಮನೆಗೆ ಬಂದರು. "ಸಂಜೆಯ ಎತ್ತುವುದು ಇವತ್ತು ನಾನು ಮಾಡ್ತೇನೆ" ಎಂದು ಅಮ್ಮನನ್ನು ಕುರ್ಚಿಯಿಂದ ಮಂಚಕ್ಕೆ ಎತ್ತಿದರು. ಎತ್ತಿಕೊಂಡು ಒಂದು ಕ್ಷಣ ಹಾಗೆಯೇ ನಿಂತರು. ಮಲಗಿಸಿ, ಹೊದಿಕೆ ಸರಿ ಮಾಡಿ, ಅಮ್ಮನ ಮುಂಗೈಯನ್ನು ಒಮ್ಮೆ ಮುಟ್ಟಿ ಹೊರಗೆ ಬಂದರು. ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು, "ನಿನಗೆ ಬಂದ ಬಲ ಸ್ವಲ್ಪ. ಉಳಿದದ್ದು ಅವಳ ಮೈ ಇಳಿದದ್ದು. ಅವಳು ಊಟ ಮಾಡ್ತಾ ಇಲ್ಲ ಸುಮತಿ."

ನಾನು ಮಧ್ಯಾಹ್ನದ ಗಂಜಿಯನ್ನು ಬೆಳಿಗ್ಗೆಯೇ ಬೇಯಿಸಿಟ್ಟು ಹೋಗುತ್ತಿದ್ದೆ. ಹನ್ನೆರಡು ಗಂಟೆಗೆ ಬೇಲಿಯ ಆಚೆಯ ಐಸಮ್ಮ ಬಂದು ಬಡಿಸಿ ಕೊಡುತ್ತಿದ್ದರು. ಐಸಮ್ಮನ ಗಂಡನಿಗೆ ಬಂದರಿನಲ್ಲಿ ಒಣಮೀನಿನ ವ್ಯಾಪಾರ. ಮನೆಯಲ್ಲಿ ಎರಡು ಆಡು. ಸಂಜೆ ನಾನು ಬಂದು ಊಟಕ್ಕೆ ಕರೆದರೆ ಅಮ್ಮ, "ಐಸಮ್ಮ ಮಧ್ಯಾಹ್ನ ತಡವಾಗಿ ಕೊಟ್ಟದ್ದು, ಹೊಟ್ಟೆ ತುಂಬಿಯೇ ಉಂಟು" ಎನ್ನುತ್ತಿದ್ದಳು. ನನಗೆ ದಣಿವಾಗಿರುತ್ತಿತ್ತು. ಸರಿ ಎಂದು ನಾನು ಉಂಡು ಮಲಗುತ್ತಿದ್ದೆ. ಅವಳ ಕೆನ್ನೆ ಒಳಗೆ ಹೋದದ್ದು ನನ್ನ ಕಣ್ಣಿಗೆ ಬೀಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಿದ್ದಿತ್ತು. ಕಾಯಿಲೆಯಲ್ಲವಾ ಎಂದುಕೊಂಡಿದ್ದೆ.

ಐಸಮ್ಮನ ಮನೆಗೆ ಹೋಗಿ ಕೇಳಿದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ನಾನು ದಿನಾ ಬಡಿಸ್ತೇನೆ ಮಗಳೇ. ಎರಡು ಚಮಚ ತಿಂತಾರೆ. ಸಾಕು, ಜೀರ್ಣ ಆಗುವುದಿಲ್ಲ, ಉಳಿದದ್ದು ಆಡಿಗೆ ಹಾಕು ಅಂತಾರೆ. ಮಗಳಿಗೆ ಹೇಳಬೇಡ, ಅವಳಿಗೆ ಮೊದಲೇ ಚಿಂತೆ ಉಂಟು ಅಂತ ಆಣೆ ಹಾಕಿಸಿದ್ದಾರೆ. ಹೊಟ್ಟೆಯದ್ದೇ ತೊಂದರೆ ಅಂತ ನಾನು ತಿಳಿದದ್ದು."

ಮನೆಗೆ ಬಂದು ಅಮ್ಮನ ಹತ್ತಿರ ಕೂತೆ. ಅವಳಿಗೆ ನನ್ನ ಮುಖ ನೋಡಿ ಗೊತ್ತಾಯಿತು. ಮುಚ್ಚಿಡಲಿಲ್ಲ.

"ನಾನು ಹಗುರ ಆದರೆ ನಿನಗೆ ಅಷ್ಟು ತ್ರಾಣ ಬೇಡ ಅಲ್ಲವಾ" ಅಂದಳು. "ತ್ರಾಣ ಬೇಡದಿದ್ದರೆ ರಟ್ಟೆ ಬೆಳೆಯುವುದಿಲ್ಲ. ಸೋಣ ಬರುವವರೆಗೆ ಅಂತ ಮಾಡಿದ್ದು. ಅವರು ಬಂದು ನೋಡಿ ಹೋಗಲಿ. ಮತ್ತೆ ತಿಂತೇನೆ."

ಹಂಚಿನ ಮೇಲೆ ಮಳೆಯ ಸದ್ದು ದೊಡ್ಡದಾಗಿತ್ತು. ನಾನು ಏನಾದರೂ ಹೇಳಬೇಕಿತ್ತು. ಬೈಯಬೇಕಿತ್ತು, ಇಲ್ಲವಾದರೆ ಅಪ್ಪಿಕೊಳ್ಳಬೇಕಿತ್ತು. ಎದ್ದು ಹೋಗಿ ಗಂಜಿ ಬಿಸಿ ಮಾಡಿ ತಂದೆ. ಅವಳು ಅರ್ಧ ತಿಂದಳು. ಆಮೇಲೆ ವಾಂತಿ ಮಾಡಿದಳು. ಒರೆಸಿದೆ. ಆ ದಿನದಿಂದ ಬೆಳಿಗ್ಗೆ, ಸಂಜೆ ನಾನೇ ಎದುರು ಕೂತು ತಿನ್ನಿಸಿದೆ. ಮಧ್ಯಾಹ್ನ ಐಸಮ್ಮ ಬಟ್ಟಲು ಖಾಲಿಯಾಗದೆ ಏಳುತ್ತಿರಲಿಲ್ಲ. ಅಮ್ಮ ತಿಂದಳು, ಆದರೆ ಸೋಣ ಬರುವವರೆಗೆ ಎಷ್ಟು ಕಡಿಮೆ ತಿನ್ನಬಹುದೋ ಅಷ್ಟು.

ಸೋಣದ ಎರಡನೆಯ ವಾರ ಬಜಪೆಯವರು ಬಂದರು. ಹುಡುಗ, ಅವನ ಚಿಕ್ಕಪ್ಪ, ಚಿಕ್ಕಮ್ಮ. ನಾನು ಮೊಣಕೈ ಮುಚ್ಚುವ ಆ ರವಿಕೆ ಹಾಕಿಕೊಂಡು ಚಾ ತಂದೆ. ಅಮ್ಮ ಒಳಗಿನ ಕೋಣೆಯಲ್ಲಿ ಕುರ್ಚಿಯಲ್ಲಿದ್ದಳು. ಬಾಗಿಲ ಸಂದಿಯಿಂದ ಅವಳಿಗೆ ನನ್ನ ಕೈ ಮಾತ್ರ ಕಾಣುತ್ತಿರಬೇಕು. ಹುಡುಗನ ಚಿಕ್ಕಮ್ಮ ನನ್ನನ್ನು ಹತ್ತಿರ ಕೂರಿಸಿಕೊಂಡು, ಕೆಲಸ ಖಾಯಂ ಆಗಿದೆಯಾ, ಸಂಬಳ ಕೈಗೆ ಎಷ್ಟು ಸಿಗುತ್ತದೆ ಎಂದೆಲ್ಲ ಕೇಳಿದರು. ಆಮೇಲೆ ಒಳಕೋಣೆಯ ಕಡೆ ನೋಡಿ, "ಅವರನ್ನು ಎತ್ತುವುದು, ಇಳಿಸುವುದು ಎಲ್ಲ ಯಾರು?" ಅಂದರು.

"ನಾನೇ."

"ಮದುವೆಯಾದ ಮೇಲೆ?"

ಬಾಬು ಮಾವ ನಡುವೆ ಬಾಯಿ ಹಾಕಿ, ಅದಕ್ಕೆ ಏನಾದರೂ ವ್ಯವಸ್ಥೆ ಮಾಡುವ ಎಂದರು. ನನ್ನ ತೋಳನ್ನು ಯಾರೂ ನೋಡಲಿಲ್ಲ. ಹುಡುಗ ಇಡೀ ಹೊತ್ತು ಅಂಗಳದ ಕಡೆ ನೋಡುತ್ತಿದ್ದ.

ನಾಲ್ಕು ದಿನ ಬಿಟ್ಟು ಮಾವ ಬಂದರು. ಒದ್ದೆ ಕೊಡೆಯನ್ನು ಗೋಡೆಗೆ ಒರಗಿಸಿ, ಅಮ್ಮನ ಮಂಚದ ಹತ್ತಿರವೇ ಕೂತು, ಯೋಚನೆಯಿಲ್ಲದೆ ಹೇಳಿಬಿಟ್ಟರು. "ಹುಡುಗಿಯ ಬಗ್ಗೆ ಅವರಿಗೆ ಎಂತದ್ದೂ ತಕರಾರಿಲ್ಲ ಅಕ್ಕ. ಚಂದ ಇದ್ದಾಳೆ ಅಂತಲೇ ಹೇಳಿದ್ದು. ಮನೆಯಲ್ಲಿ ಹೀಗೆ ಕಾಯಿಲೆ ಉಂಟಲ್ಲ, ಅದು ಬೇಡ ಅಂತೆ."

ಅಮ್ಮ "ಹೌದಾ" ಅಂದಳು.

ಅವತ್ತು ಸಂಜೆ ಅವಳು ಬಾಯಿ ತೆರೆಯಲಿಲ್ಲ. ಮರುದಿನವೂ ಇಲ್ಲ. ಈಗ ಹೊಟ್ಟೆ ತುಂಬಿದೆ ಎಂಬ ಸುಳ್ಳೂ ಇರಲಿಲ್ಲ. ಚಮಚ ಹತ್ತಿರ ತಂದರೆ ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದಳು. ನೀರು ಮಾತ್ರ ಕುಡಿದಳು. ಐಸಮ್ಮ ಬಂದು ಕಣ್ಣೀರು ಹಾಕಿ ಬೇಡಿಕೊಂಡರು. ಸೆವ್ರಿನ್ ಬಾಯಿ ಬ್ರೆಡ್ಡು, ಹಾಲು ತಂದರು. ಮೂರನೆಯ ದಿನ ಬೆಳಿಗ್ಗೆ ನಾನು ಅಮ್ಮನಿಗೆ ಹೇಳಿದೆ, "ನೀನು ತಿನ್ನದಿದ್ದರೆ ನಾನು ಎತ್ತುವುದಿಲ್ಲ. ಸಂಜೀವಣ್ಣನನ್ನು ಕರೀತೇನೆ."

ಅವಳು ನಂಬಲಿಲ್ಲ ಎಂದು ಕಾಣುತ್ತದೆ. ನಾನು ಹೋಗಿ ಕರೆದೇ ಬಿಟ್ಟೆ. ಇಬ್ಬರೂ ಬಂದರು. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಕೈಯನ್ನು ಲುಂಗಿಗೆ ಒರೆಸಿಕೊಂಡು ಒಳಗೆ ಬಂದು ಮಂಚದ ಎರಡು ಬದಿಗೆ ನಿಂತರು. ಸಂಜೀವಣ್ಣ, "ಎತ್ತುವನಾ ಅಕ್ಕ?" ಎಂದು ಮೆಲ್ಲಗೆ ಕೇಳಿದರು. ಅಮ್ಮನ ಬಲಗೈ ಸೀರೆಯನ್ನು ಮೊಣಕಾಲಿನ ಹತ್ತಿರ ಹಿಡಿದುಕೊಂಡಿತು. ಅವಳು ನನ್ನನ್ನು ನೋಡಿದಳು. ಯಾವ ಮಗಳನ್ನೂ ತಾಯಿ ಹಾಗೆ ನೋಡಬಾರದು. ನಾನು ಬೇರೆ ಕಡೆ ನೋಡಲಿಲ್ಲ. ನನ್ನೊಳಗೆ ಏನೂ ಆಗುತ್ತಿರಲಿಲ್ಲ. ಮೈಯೆಲ್ಲ ಜೋಮು ಹಿಡಿದಂತೆ ನಿಂತಿದ್ದೆ.

"ಅವರನ್ನು ಕಳಿಸು" ಅಂದಳು. "ಗಂಜಿ ತಾ."

ಅದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ. ಅದರ ಬಗ್ಗೆ ನಾವಿಬ್ಬರೂ ಮತ್ತೆಂದೂ ಮಾತಾಡಲಿಲ್ಲ. ಅಮ್ಮ ಆಮೇಲೆ ಏಳು ವರ್ಷ ಬದುಕಿದಳು. ನನ್ನ ಮದುವೆ ಆರು ವರ್ಷ ತಡವಾಗಿ, ಉರ್ವದಲ್ಲೇ ಇದ್ದ ಒಬ್ಬ ಪೋಸ್ಟ್‌ಮ್ಯಾನ್ ಜೊತೆ ಆಯಿತು; ಅವರು ನಮ್ಮ ಮನೆಗೇ ಬಂದು ಇದ್ದರು. ಸೆವ್ರಿನ್ ಬಾಯಿ ನಿವೃತ್ತಿಯಾಗುವವರೆಗೆ ಅದೇ ಶಾಲೆಯಲ್ಲಿದ್ದರು. ಸ್ಟಾಫ್ ರೂಮಿನಲ್ಲಿ ಅವರ ಭುಜದ ಮಾತು ಬಂದಾಗ ನಾನು ಎದ್ದು ಹೋಗುತ್ತಿದ್ದೆ. ಅದಕ್ಕಿಂತ ಹೆಚ್ಚಿನ ಧೈರ್ಯ ನನಗಿರಲಿಲ್ಲ.

ಆ ವರ್ಷದ ಮಳೆ ದಸರೆಯ ಹೊತ್ತಿಗೆ ಬಿಟ್ಟಿತು. ಅಷ್ಟರಲ್ಲಿ ಅಮ್ಮ ತಿಂಗಳಿಗೂ ಹೆಚ್ಚು ದಿನದಿಂದ ಮೂರು ಹೊತ್ತು ಉಣ್ಣುತ್ತಿದ್ದಳು. ಮೀನು ಬೇಕು ಅನ್ನುತ್ತಿದ್ದಳು. ಉಪ್ಪು ಕಡಿಮೆಯಾಯಿತು ಎಂದು ಐಸಮ್ಮನಿಗೆ ಬೈಯುತ್ತಿದ್ದಳು. ಒಂದು ಬೆಳಿಗ್ಗೆ, ಅಂಗಳದಲ್ಲಿ ಮೊದಲ ಬಿಸಿಲು ಬಿದ್ದಿತ್ತು, ಅವಳನ್ನು ಮಂಚದ ಅಂಚಿಗೆ ಕೂರಿಸಿದೆ. ಮೊಣಕಾಲಿಗೆ ಮೊಣಕಾಲು ಕೊಟ್ಟೆ. ಅವಳು ಕೈಯನ್ನು ನನ್ನ ಕುತ್ತಿಗೆಗೆ ಹಾಕಿದಳು. ನಾನು ಎದೆಗೆ ಎಳೆದುಕೊಂಡು ಏಳಲು ನೋಡಿದೆ. ಆಗಲಿಲ್ಲ. ಇನ್ನೊಮ್ಮೆ ನೋಡಿದೆ. ಅರ್ಧಕ್ಕೆ ಎದ್ದು ಇಬ್ಬರೂ ಮಂಚದ ಮೇಲೆ ಕೂತುಬಿಟ್ಟೆವು.

"ಎಂತ ಆಯ್ತು?" ಅಮ್ಮ ಕೇಳಿದಳು.

"ಭಾರ ಆಗಿದ್ದಿ" ಅಂದೆ.

ಅಷ್ಟು ಹೇಳುವಾಗ ನನಗೆ ಅಳು ಬಂತು. ಅವಳ ಕೈ ನನ್ನ ಕುತ್ತಿಗೆಯಲ್ಲೇ ಇತ್ತು, ಅವಳು ತೆಗೆಯಲಿಲ್ಲ. ಸ್ವಲ್ಪ ಹೊತ್ತು ಹಾಗೇ ಕೂತು, ಮೂಗು ಒರೆಸಿಕೊಂಡು, ಕಾಲು ಸರಿಯಾಗಿ ಊರಿ, ಮೂರನೆಯ ಸಲಕ್ಕೆ ಎತ್ತಿದೆ.